ಪೆಟ್ಟಿಗೆಯ ತಳದಲ್ಲಿದ್ದ ಮುನಿಯಮ್ಮ

ಕಳುವಾದದ್ದು ಎಷ್ಟು ಬೇಗ ಗೊತ್ತಾಯಿತು ಎಂಬುದರಿಂದ ಆ ವಸ್ತು ನಮಗೆ ಎಷ್ಟು ಬೇಕಾಗಿತ್ತು ಎನ್ನುವುದು ತಿಳಿಯುತ್ತದೆ. ಹಿತ್ತಲಲ್ಲಿ ಒಣಗಹಾಕಿದ ಸೀರೆ ಹೋದರೆ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಕೋಳಿ ಹೋದರೆ ಬುಟ್ಟಿ ಮುಚ್ಚುವಾಗ ಗೊತ್ತಾಗುತ್ತದೆ. ಒಲೆಯ ಪಕ್ಕದ ಬೆಂಕಿಪೊಟ್ಟಣ ಹೋದರೆ ಆ ಕ್ಷಣವೇ ಮನೆಯಲ್ಲಿ ಜಗಳ. ನನ್ನ ಹೆಸರು ಕಳುವಾದದ್ದು ನನಗೆ ಗೊತ್ತಾಗಲು ಹನ್ನೊಂದು ವರ್ಷ ಬೇಕಾಯಿತು. ಮಕ್ಕಳೇ, "ಅಜ್ಜಿ, ಫೋನ್ ಮಾಡಿ ಕೇಳಿದ್ರೆ ಯಾವ ನಂಬರೂ ಹೇಳ್ಬೇಡ, ನಿನ್ನ ಹೆಸರಲ್ಲಿ ಯಾರ್ಯಾರೋ ಏನೇನೋ ಮಾಡ್ಬಿಡ್ತಾರೆ" ಎಂದು ನೀವು ನನಗೆ ದಿನವೂ ಬುದ್ಧಿ ಹೇಳುತ್ತೀರಿ. ನಾನು ಹೂಂ ಎನ್ನುತ್ತೇನೆ. ನನ್ನ ಹೆಸರಿನಲ್ಲಿ ಏನೇನು ಮಾಡಬಹುದೋ ಅದನ್ನೆಲ್ಲ ನಿಮ್ಮಪ್ಪ ಚಡ್ಡಿ ಹಾಕುವ ಕಾಲಕ್ಕಾಗಲೇ ಒಬ್ಬಳು ಮಾಡಿಕೊಂಡಿದ್ದಳು ಎಂದು ಹೇಳಲು ಬಾಯಿ ಬರುವುದಿಲ್ಲ. ನನಗೆ ಮೊದಲಿನಿಂದಲೂ ಎದುರಿಗೆ ಹೇಳುವ ಬಾಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ನಾನು ಸುಶೀಲಜ್ಜಿ. ಹುಟ್ಟಿದಾಗ ಇಟ್ಟ ಹೆಸರು ಮುನಿಯಮ್ಮ. ಯಲಹಂಕದಿಂದ ಎರಡು ಹರದಾರಿ ಆಚೆ ನನ್ನ ತವರು. ಅಲ್ಲಿ ಬಾವಿಕಟ್ಟೆಯ ಮೇಲೆ ನಿಂತು ಮುನಿಯಮ್ಮ ಎಂದು ಕೂಗಿದರೆ ಆರು ಜನ ಓ ಎನ್ನುತ್ತಿದ್ದರು. ಆ ಆರು ಜನರಲ್ಲಿ ಏಳನೇ ತರಗತಿ ಪಾಸಾದವಳು ನಾನೊಬ್ಬಳೇ, ಅದೂ ಮೊದಲ ದರ್ಜೆಯಲ್ಲಿ. ಮೇಷ್ಟರು ಅಪ್ಪನನ್ನು ಶಾಲೆಗೆ ಕರೆಸಿ ಪ್ರಮಾಣಪತ್ರ ಕೈಗಿಟ್ಟು, "ಜೋಪಾನ ಹನುಮಂತಪ್ಪ, ಇದೊಂದಿದ್ರೆ ಹುಡುಗಿ ಎಲ್ಲಾದ್ರೂ ಬದುಕ್ಕೋತಾಳೆ" ಎಂದರು. ಅಪ್ಪ ಅದನ್ನು ಎಷ್ಟು ಜೋಪಾನ ಮಾಡಿದರೆಂದರೆ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದರು. ಎರಡು ವರ್ಷಕ್ಕೆ ನನ್ನನ್ನು ಯಲಹಂಕದ ಪಕ್ಕದ ಕೋಗಿಲು ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಪ್ರಮಾಣಪತ್ರವನ್ನು ಕೊಡಲಿಲ್ಲ. ಕೊಡಿ ಎಂದು ನಾನು ಕೇಳಲಿಲ್ಲ. ಬೀಗರೂ ಕೇಳಲಿಲ್ಲ. ಅವರು ಕೇಳಿದ್ದ ಪಟ್ಟಿಯಲ್ಲಿ ಕೊಳಗ, ಚೊಂಬು, ಚಾಪೆ ಎಲ್ಲ ಇದ್ದವು.

ಗಂಡನ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಸೇರನ್ನು ಒದೆಯುವುದಕ್ಕೆ ಮೊದಲೇ ಒಂದು ತೊಡಕು ಎದ್ದಿತು. ನನ್ನ ಅತ್ತೆಯ ಹೆಸರೂ ಮುನಿಯಮ್ಮ. ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಒಂದೇ ಹೆಸರು ಇರಬಾರದು. ಮಗ ಹೆಂಡತಿಯ ಹೆಸರು ಹಿಡಿದು ಗದರಿದರೆ ಹೆತ್ತವಳನ್ನು ಗದರಿದ ಹಾಗಾಗುತ್ತದೆ. ಆದ್ದರಿಂದ ಸೊಸೆಯ ಹೆಸರನ್ನು ಬದಲಾಯಿಸುವುದು ನಮ್ಮಲ್ಲಿ ರೂಢಿ. ನಿಮ್ಮ ತಾತ ನೆಲ ನೋಡುತ್ತಾ "ಸುಶೀಲ" ಎಂದರು. ನಾನು ಸುಶೀಲಳಾಗಿ ಸೇರು ಒದ್ದು ಒಳಗೆ ಬಂದೆ. ಗದರುವುದಕ್ಕೆ ಅನುಕೂಲವಾಗಲೆಂದು ಇಟ್ಟ ಹೆಸರು. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಎರಡೇ ಸಲ. ಅಷ್ಟರಮಟ್ಟಿಗೆ ಅದು ದಂಡವಾಯಿತು. ಮುನಿಯಮ್ಮ ಎಂಬ ಹುಡುಗಿ ತವರಿನ ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ಜೊತೆ ಉಳಿದಳು. ನಾನು ಅವಳನ್ನು ಮರೆತೇಬಿಟ್ಟೆ.

ನಿಮ್ಮ ತಾತ ಹೆಬ್ಬಾಳದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದವರು ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದರಂತೆ. ಡಬ್ಬಿ ಅವರಿಗಿಂತ ಮೊದಲು ಮನೆಗೆ ಬಂತು. ಅನ್ನದಲ್ಲಿ ಬೆರಳಿಟ್ಟ ಗುರುತೂ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನು ಮುಚ್ಚಳ ಹಾಕಿ ಅದರ ಜಾಗದಲ್ಲಿಟ್ಟೆ. ನಿಮ್ಮನ್ನು ನಗಿಸಬೇಕೆಂದು ಬರೆಯಲು ಕೂತೆ. ಈ ನಾಲ್ಕು ಸಾಲು ತಾವಾಗಿ ಬಂದವು. ದಾಟಿಕೊಂಡು ಮುಂದಕ್ಕೆ ಹೋಗಿ.

ತಿಥಿ ಮುಗಿದ ಮೇಲೆ ಕಚೇರಿಯ ಮೇಲ್ವಿಚಾರಕರು ಮನೆಗೆ ಬಂದರು. ನಾನು ಬಾಗಿಲ ಹಿಂದೆ ನಿಂತೆ. ಅವರು ಪಾಪ ಬಾಗಿಲಿನ ಜೊತೆಯೇ ಮಾತಾಡಿದರು. "ಯಜಮಾನರ ಕೆಲಸ ಅನುಕಂಪದ ಮೇಲೆ ನಿಮಗೆ ಸಿಗುತ್ತಮ್ಮ. ಏಳನೇ ಕ್ಲಾಸ್ ಪಾಸಾಗಿರ್ಬೇಕು. ಓದಿದ್ದೀರಾ?" ಎಂದು ಕೇಳಿದರು. ಬಾಗಿಲು ಮೆಲ್ಲಗೆ "ಏಳು" ಎಂದಿತು. "ಮತ್ತಿನ್ನೇನು. ಒಂದ್ ವರ್ಷದೊಳಗೆ ಸರ್ಟಿಫಿಕೇಟ್ ಜೊತೆ ಅರ್ಜಿ ಕೊಡಿ. ವರ್ಷ ದಾಟಿದ್ರೆ ನನ್ನ ಕೈಲೂ ಏನೂ ಆಗಲ್ಲ" ಎಂದರು. ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದರು: "ಒಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಜವಾನ ಆದೋರು ಬಾಗಿಲ ಮುಂದೆ ನಿಂತ್ಕೋಬೇಕು. ಹಿಂದೆ ಅಲ್ಲ."

ಆ ಕೆಲಸ ಸಿಗದಿದ್ದರೆ ನಿಮ್ಮಪ್ಪನನ್ನೂ ಅವನ ತಂಗಿ, ಅಂದರೆ ನಿಮ್ಮ ಅತ್ತೆಯನ್ನೂ ಶಾಲೆ ಬಿಡಿಸುವುದು ಎಂದು ಮನೆಯ ಗಂಡಸರು ಆಗಲೇ ಮಾತಾಡಿಕೊಂಡಿದ್ದರು. ನಿಮ್ಮಪ್ಪ ನಾಲ್ಕನೆಯ ತರಗತಿ, ಅತ್ತೆ ಒಂದನೆಯದು. ಇಟ್ಟಿಗೆ ಗೂಡಿನವನ ಹತ್ತಿರ ಮೈದುನ ಒಂದು ಮಾತು ಹಾಕಿಯೂ ಇಟ್ಟಿದ್ದ. ಮಾರನೆಯ ದಿನವೇ ನಾನು ತವರಿಗೆ ಹೋದೆ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಮ್ಮ ಜಗಲಿಯಲ್ಲಿ ಬಿತ್ತನೆಗಿಟ್ಟಿದ್ದ ಒಣ ಅವರೆಕಾಯಿ ಬಿಡಿಸುತ್ತಿದ್ದಳು. ಪೆಟ್ಟಿಗೆ ತೆಗೆಯಬೇಕು ಎಂದೆ. ಅಮ್ಮ ಬೀಗದ ಕೈ ಎಲ್ಲೋ ಹೋಗಿದೆ ಎಂದಳು. ಅದು ಅವಳ ಸೊಂಟದಲ್ಲೇ ಇತ್ತು. ತೋರಿಸಿದೆ. ಪೆಟ್ಟಿಗೆಯಲ್ಲಿ ಇಲಿ ಹೊಕ್ಕಿದೆ ಎಂದಳು. ಕೊನೆಗೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, "ಅದು ಅಲ್ಲಿಲ್ಲ ಕಣವ್ವ. ಗಂಗಿಗೆ ಕೊಟ್ಬುಟ್ಟೆ" ಎಂದಳು.

ಗಂಗಿ, ಅಂದರೆ ಗಂಗಮ್ಮ, ನನ್ನ ಜೊತೆ ಓದಿದವಳು. ಐದನೆಯದರಲ್ಲಿ ಎರಡು ಸಲ ಡುಮ್ಕಿ ಹೊಡೆದು ಶಾಲೆ ಬಿಟ್ಟಳು. ಅವಳ ಗಂಡ ಅವಳನ್ನೂ ಕೈಗೂಸನ್ನೂ ಬಿಟ್ಟು ಹೋದ ವರ್ಷ, ಯಶವಂತಪುರದ ಕಡೆ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಏಳನೇ ತರಗತಿ ಪಾಸಾದ ಹೆಂಗಸರು ಬೇಕಾಗಿದ್ದರು. ಅವಳು ನಮ್ಮ ಜಗಲಿಯ ಮೇಲೆ ಬಂದು ಕೂತು ಅತ್ತಳಂತೆ. ಅಮ್ಮ ಪೆಟ್ಟಿಗೆ ತೆಗೆದಳಂತೆ.

"ನನ್ನನ್ನ ಒಂದು ಮಾತು ಕೇಳಬೇಡವೇನಮ್ಮ?" ಎಂದೆ.

"ನಿನ್ನ ಯಾಕೆ ಕೇಳ್ಬೇಕು? ನಿನ್ನ ಎಸ್ರೇ ಅದಲ್ವಲ್ಲ. ಸುಮ್ಕೆ ಬಿದ್ದಿತ್ತು. ನಿಂಗೆ ಗಂಡ ಅವ್ನೆ, ನೌಕ್ರಿ ಐತೆ. ಅವ್ಳಿಗೆ ಯಾರವ್ರೆ ಅಂತ ಕೊಟ್ಟೆ."

"ಈಗ ನನಗೂ ಇಲ್ಲಮ್ಮ."

ಅಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ಕಾಳನ್ನೂ ಸಿಪ್ಪೆಯನ್ನೂ ಒಂದೇ ಕಡೆ ಹಾಕುತ್ತಿದ್ದಳು. ನಾನು ಕೂತು ಬೇರೆ ಮಾಡಿದೆ.

ಯಲಹಂಕದ ಬಸ್ ನಿಲ್ದಾಣದ ಹತ್ತಿರ, ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದ ಬಷೀರ್ ಸಾಹೇಬರು ನಮ್ಮ ಮನೆಯ ಹಿಂದಿನ ಬೀದಿಯವರು. ವಕೀಲರಲ್ಲ. ಆದರೆ ಮೂವತ್ತು ವರ್ಷ ವಕೀಲರ ತಪ್ಪುಗಳನ್ನು ಟೈಪ್ ಮಾಡುತ್ತಾ ತಿದ್ದಿದವರು. ಅವರ ಮುಂದೆ ನಿಂತು ವಿಷಯ ಹೇಳುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಮೊದಲ ಎರಡು ದಿನ ಮರದವರೆಗೆ ಹೋಗಿ, ಜನ ಇದ್ದಾರೆಂದು ಸೊಪ್ಪು ಕೊಂಡು ವಾಪಸು ಬಂದೆ.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. "ನೋಡಮ್ಮ, ಇದಕ್ಕೆ ಕಾನೂನಿದೆ. ಬ್ರಿಟಿಷ್ನೋರ್ ಕಾಲದಿಂದ ಇದೆ. ನಾನೂರ ಹದಿನಾರು, ನಾನೂರ ಹತ್ತೊಂಬತ್ತು. ನಾನಲ್ಲದೋರು ನಾನು ಅಂತ ಹೇಳ್ಕೊಂಡು ಮೋಸ ಮಾಡೋದು. ಮೂರು ವರ್ಷ ತನಕ ಜೈಲು. ಆ ಹೆಸರಿನ ಆಸಾಮಿ ನಿಜವಾಗ್ಲೂ ಇರ್ಲಿ, ಬರೀ ಕಲ್ಪನೆ ಆಗಿರ್ಲಿ, ತಪ್ಪು ತಪ್ಪೇ."

"ನಾನು ಯಾವುದರಲ್ಲಿ ಬರುತ್ತೇನೆ ಸಾಹೇಬರೆ? ಇರುವುದರಲ್ಲೋ, ಕಲ್ಪನೆಯಲ್ಲೋ?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ಹತ್ತೊಂಬತ್ತು ವರ್ಷದಿಂದ ಮುನಿಯಮ್ಮನನ್ನು ಯಾರೂ ಕಂಡಿರಲಿಲ್ಲ. ಪಡಿತರ ಚೀಟಿಯಲ್ಲಿ ಸುಶೀಲ, ನಿಮ್ಮ ತಾತನ ಕಚೇರಿಯ ಕಡತದಲ್ಲಿ ಸುಶೀಲ, ಓಟಿನ ಪಟ್ಟಿಯಲ್ಲಿ ಸುಶೀಲ.

ಸಾಹೇಬರು ಕಾಗದ, ಮಸಿಕಾಗದ, ಮತ್ತೆ ಕಾಗದ ಜೋಡಿಸಿ ಯಂತ್ರಕ್ಕೆ ಸಿಕ್ಕಿಸಿದರು. "ದೂರು ಕೊಡೋರು?"

"ಮುನಿಯಮ್ಮ."

"ಯಾರ ಮೇಲೆ?"

"ಗಂಗಮ್ಮ. ಆದರೆ ಆಸ್ಪತ್ರೆಯ ಪುಸ್ತಕದಲ್ಲಿ ಮುನಿಯಮ್ಮ."

"ಮುನಿಯಮ್ಮನ ಮೇಲೆ ಮುನಿಯಮ್ಮ. ಇಬ್ಬರೂ ಹನುಮಂತಪ್ಪನ ಮಗಳು. ಹುಟ್ಟಿದ ದಿನ ಒಂದೇ." ಅವರು ಕನ್ನಡಕ ತೆಗೆದು ಒರೆಸಿದರು. "ಎರಡನೇ ಆರೋಪಿ ಹೆಸರು ಹೇಳಿ."

"ಎರಡನೆಯದು ಯಾರು?"

"ಕಾಗದ ಕೊಟ್ಟೋರು. ಕಳ್ಳಂಗೆ ಏಣಿ ಕೊಟ್ಟೋರ್ಗೂ ಅಷ್ಟೇ ಶಿಕ್ಷೆ. ನೂರ ಒಂಬತ್ತು. ನಿಮ್ಮ ತಾಯೀನ ಬಿಟ್ಟು ಬರೆಯೋಕಾಗಲ್ಲಮ್ಮ. ಅಮ್ಮಾಜಾನ್ ಹೆಸರೇನು?"

ನನಗೆ ಅಮ್ಮನ ಹೆಸರು ಗೊತ್ತಿತ್ತು. ಅದನ್ನು ಹೇಳುವ ಬದಲು, ಇನ್ನೊಂದು ಪ್ರತಿ ಕೊಡಿ ಎಂದು ಶಾಲೆಯನ್ನೇ ಕೇಳಿದರೆ ಆಗದೇ ಎಂದೆ. ಸಾಹೇಬರು, ಶಾಲೆಯವರು ಕೊಟ್ಟರೂ, ನಾನು ಸುಶೀಲ ಉರುಫ್ ಮುನಿಯಮ್ಮ ಎಂದು ಪೇಪರಿನಲ್ಲಿ ಪ್ರಕಟಣೆ ಹಾಕಿಸಬೇಕು, ಕಚೇರಿಯವರು ಶಾಲೆಗೆ ಬರೆದು ವಿಚಾರಿಸುತ್ತಾರೆ, ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯವರೂ ಇದೇ ಹುಡುಗಿಯ ಬಗ್ಗೆ ಬರೆದ ಕಾಗದ ಅಲ್ಲಿರುತ್ತದೆ, ಆಮೇಲೆ ದೂರು ನಾನು ಕೊಡಬೇಕಾಗಿಲ್ಲ, ತಾನಾಗಿ ಹುಟ್ಟುತ್ತದೆ ಎಂದರು. ಅಂದರೆ ನನ್ನ ಮಕ್ಕಳು ಶಾಲೆಗೆ ಹೋಗಬೇಕಾದರೆ ನನ್ನ ತಾಯಿ ಜೈಲಿಗೆ ಹೋಗಬೇಕು. ಸಾಹೇಬರು ಯಂತ್ರದಿಂದ ಕಾಗದವನ್ನು ಹಿಂದಕ್ಕೆ ಎಳೆದು, ಹರಿಯದ ಹಾಗೆ ಮಡಿಸಿಟ್ಟರು. "ಮೊದಲು ಆಯಮ್ಮನ್ನ ಒಂದ್ಸಲ ನೋಡ್ಕೊಂಡ್ ಬನ್ನಿ" ಎಂದರು.

ಯಶವಂತಪುರದ ಆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ನಾನೇ ಕೇಳಿದೆ. "ಮುನಿಯಮ್ಮ ಇದ್ದಾರಾ?" ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ ಮುನಿಯಮ್ನೋರಾ? ಒಳಗವ್ರೆ ಹೋಗಿ. ಅವ್ರ ಕಡೆಯೋರಾ ನೀವು? ಬಂಗಾರದಂಥ ಹೆಂಗ್ಸು ಕಣಮ್ಮ" ಎಂದ. ನನ್ನ ಹೆಸರನ್ನು ಹಿಡಿದು ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಒಂದು ಗಳಿಗೆ ಸಂತೋಷವೇ ಆಯಿತು. ಆಮೇಲೆ ಯಾರ ಸಂತೋಷವನ್ನು ನಾನು ಪಡುತ್ತಿದ್ದೇನೆ ಎಂದು ಹೊಳೆದು ಮುಖ ಗಂಟುಹಾಕಿಕೊಂಡೆ.

ಗಂಗಿ ಬಟ್ಟೆಯ ಗಂಟು ಹೊತ್ತುಕೊಂಡು ಬರುತ್ತಿದ್ದಳು. ನನ್ನ ಬರೀ ಹಣೆಯನ್ನು ನೋಡಿ ಗಂಟನ್ನು ಕೆಳಗಿಟ್ಟಳು.

"ಬಾ ಸುಸೀಲ, ಕೂತ್ಕೊ. ಸುದ್ದಿ ಗೊತ್ತಾಯ್ತು ಕಣೆ. ಬರಾನ ಅಂದ್ಕೊಂಡೆ. ಯಾವ ಮುಖ ಮಡಿಕ್ಕೊಂಡು ಬರ್ಲಿ?"

ನನ್ನ ಹೆಸರು ಇಟ್ಟುಕೊಂಡವಳು ನನ್ನ ಮುಖವನ್ನೂ ಇಟ್ಟುಕೊಂಡು ಬರಬಹುದಿತ್ತಲ್ಲ ಎಂಬ ಒಳ್ಳೆಯ ಉತ್ತರ ನನಗೆ ಹೊಳೆಯಿತು. ಆದರೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ, ಹೆಬ್ಬಾಳ ದಾಟಿದ ಮೇಲೆ. ಅಲ್ಲಿ ಮಾತ್ರ "ಪರವಾಗಿಲ್ಲ" ಎಂದು ಬಾಯಿಗೆ ಬಂತು. ನನ್ನ ಬಾಯಿ ಯಾವಾಗಲೂ ಹೀಗೆ.

ಪ್ರಮಾಣಪತ್ರ ತನ್ನ ಹತ್ತಿರವಿಲ್ಲ, ದೊಡ್ಡ ಕಚೇರಿಯ ಕಡತದಲ್ಲಿದೆ ಎಂದಳು. ಆಮೇಲೆ ತಾನಾಗಿ ಹೇಳಿದಳು: "ನಿಮ್ಮಪ್ಪ ಸತ್ತಾಗ ನಾನೂ ಐದು ದಿನ ರಜಾ ಹಾಕ್ದೆ ಕಣೆ. ಪುಸ್ತಕದಾಗೆ ನನ್ನಪ್ಪ ಅಲ್ವಾ. ಸಿಸ್ಟರಮ್ಮ ಕೈ ಇಡ್ಕೊಂಡು ಸಮಾಧಾನ ಮಾಡಿದ್ರು. ಸುಮ್ಕೆ ಆಟಕ್ಕೆ ಅಳ್ಬೇಕಲ್ಲ ಅಂದ್ಕೊಂಡಿದ್ದೆ. ನಿಜ್ವಾಗೂ ಅಳು ಬಂತು. ನನ್ನಪ್ಪಂಗೆ ಅಂಗೆ ಅತ್ತಿರ್ಲಿಲ್ಲ."

ಅಪ್ಪ ಸತ್ತಾಗ ನನಗೆ ಸಿಕ್ಕಿದ್ದು ಎರಡು ದಿನ. ನಿಮ್ಮ ಅತ್ತೆಗೆ ದಡಾರ ಎದ್ದಿತ್ತು, ಬಿಟ್ಟುಬಂದಿದ್ದೆ. ನನ್ನ ಪಾಲಿನ ಮಿಕ್ಕ ದುಃಖವನ್ನು ಇವಳು ಸಂಬಳದ ಸಮೇತ ಮುಗಿಸಿದ್ದಳು.

"ದೂರು ಕೊಡೇ" ಎಂದಳು ಗಂಗಿ. "ನಾನು ಬ್ಯಾಡ ಅನ್ನಲ್ಲ. ನಿನ್ನ ಮಕ್ಳೂ ಮಕ್ಳೇ. ಆದ್ರೆ ಒಂದು. ಇಲ್ಲಿ ನನ್ನ ಕೈಮ್ಯಾಲೆ ಉಟ್ಟಿದ ಎಣ್ಮಕ್ಳು ನಾಕು ಜನಕ್ಕೆ ಅವ್ರವ್ವಂದಿರು ಮುನಿಯಮ್ಮ ಅಂತ ನಿನ್ನ ಎಸ್ರು ಮಡಗವ್ರೆ. ಅವ್ರಿಗೇನಂತ ಯೋಳ್ಳಿ?"

ಒಳಗೆ ಯಾರೋ ನರಳಿದರು. "ಮುನಿಯಮ್ಮ, ಬೇಗ ಬಾ" ಎಂದು ನರ್ಸು ಕೂಗಿದರು. ನಾವಿಬ್ಬರೂ ಎದ್ದು ನಿಂತೆವು. ಗಂಗಿ ಓಡಿದಳು. ನಾನು ಅವಳ ಬಟ್ಟೆಯ ಗಂಟನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟು ಬಂದೆ.

ಮರದ ಕೆಳಗೆ ಬಷೀರ್ ಸಾಹೇಬರು ನನ್ನ ಮುಖ ನೋಡಿದ ಕೂಡಲೇ ದೂರಿನ ಕಾಗದವನ್ನು ತೆಗೆದು ಅದರ ಬೆನ್ನಿಗೆ ಬೇರೆ ಏನೋ ಬರೆದುಕೊಂಡರು. "ಒಂದು ದಾರಿ ಇದೆ. ಮುನಿಯಮ್ಮ ಹೋದ್ರೆ ಹೋಗ್ಲಿ. ಸುಶೀಲ ಇನ್ನೂ ಎಲ್ಲೂ ಓದಿಲ್ವಲ್ಲ? ಖಾಸಗಿಯಾಗಿ ಏಳನೇ ಕ್ಲಾಸ್ ಪರೀಕ್ಷೆ ಕಟ್ಲಿ. ಬೇಸಿಗೇಲಿ ಪರೀಕ್ಷೆ. ರಿಸಲ್ಟ್ ಬರೋ ಹೊತ್ಗೆ ನಿಮ್ ವರ್ಷ ಮುಗಿಯೋಕೆ ಇನ್ನೂ ಹದಿನೈದು ದಿನ ಇರುತ್ತೆ" ಎಂದರು. ಅವರು ಟೈಪ್ ಮಾಡಿ ಓದಿದರು: "ಸುಶೀಲ ಎಂಬ ನಾನು ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ, ನಾನು ಈ ಹಿಂದೆ ಯಾವ ಶಾಲೆಗೂ ಸೇರಿರುವುದಿಲ್ಲ, ಯಾವ ಪರೀಕ್ಷೆಯನ್ನೂ ಪಾಸು ಮಾಡಿರುವುದಿಲ್ಲ."

"ಇದು ಸುಳ್ಳಲ್ಲವೇ ಸಾಹೇಬರೆ?"

"ಸುಳ್ಳೇ. ಇದಕ್ಕೂ ಒಂದು ಸೆಕ್ಷನ್ ಇದೆ. ಗಂಗಮ್ಮನ ಸೆಕ್ಷನ್‌ಗಿಂತ ದೊಡ್ಡದು. ಹೇಳ್ಲಾ?"

"ಬೇಡಿ" ಎಂದೆ. ಅವರು ರುಜು ಹಾಕುವ ಜಾಗ ತೋರಿಸಿದರು.

ಪರೀಕ್ಷೆಯ ದಿನ ನಾನು ಕೊಠಡಿಗೆ ಕಾಲಿಟ್ಟರೆ ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಟೀಚರ್ ಎಂದವು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ ಮೇಲೂ ಕೆಲವು ನಿಂತೇ ಇದ್ದವು. ಪಕ್ಕದ ಹುಡುಗಿ, "ಅಮ್ಮಾ, ನಿಮ್ ಮಗಳಿಗೆ ಜ್ವರಾನಾ? ಅವಳ ಬದ್ಲು ಬರೆಯೋಕ್ ಬಂದ್ರಾ?" ಎಂದು ಕಿವಿಯಲ್ಲಿ ಕೇಳಿದಳು. ಆ ಮಗುವಿಗೂ ನಾನೂರ ಹತ್ತೊಂಬತ್ತು ಗೊತ್ತಿತ್ತು ಎಂದು ಕಾಣುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಮೊದಲ ದರ್ಜೆ ಬಂದವಳು ಮೂವತ್ತೈದಕ್ಕೆ ಕೂದಲೆಳೆಯಲ್ಲಿ ಪಾಸಾದೆ, ಗಣಿತದಲ್ಲಿ ಮೇಷ್ಟರು ಕನಿಕರ ತೋರಿರಬೇಕು. ಸರ್ಕಾರದ ಕಡತಗಳ ಪ್ರಕಾರ ಜಾಣೆ ಅವಳು, ದಡ್ಡಿ ನಾನು. ಶಾಲೆಗೇ ಹೋಗದವಳಿಗೆ ಹುಟ್ಟಿದ ದಿನದ ದಾಖಲೆ ಎಲ್ಲಿಂದ ಬರಬೇಕು? ವಯಸ್ಸನ್ನು ಡಾಕ್ಟರು ನೋಡಿ ಅಂದಾಜು ಮಾಡಿದರು. ನಲವತ್ತು ಎಂದು ಬರೆದರು. ಅವರ ತಪ್ಪಿಲ್ಲ. ಆ ವರ್ಷ ನನ್ನ ಮುಖ ನೋಡಿ ನಲವತ್ತಕ್ಕೆ ನಿಲ್ಲಿಸಿದ್ದೇ ಅವರ ದೊಡ್ಡಗುಣ.

ಅರ್ಜಿ ಗಡುವಿನೊಳಗೆ ತಲುಪಿತು. ಕೆಲಸ ಸಿಕ್ಕಿತು. ನಿಮ್ಮಪ್ಪ ಐದನೆಯ ತರಗತಿಗೆ ಹೋದ. ನಾನು ನಿಮ್ಮ ತಾತನ ಜಾಗದಲ್ಲಿ, ಬಾಗಿಲ ಮುಂದೆ ನಿಂತೆ. ನಾನು "ಏಳು" ಎಂದದ್ದನ್ನು ಕೇಳಿಸಿಕೊಂಡಿದ್ದ ಮೇಲ್ವಿಚಾರಕರು ಅಷ್ಟರಲ್ಲಿ ವರ್ಗವಾಗಿದ್ದರು. ಇಲ್ಲದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ. ಹೊಸಬರು ಹಾಜರಿ ಪುಸ್ತಕದಲ್ಲಿ ನನ್ನ ರುಜು ನೋಡಿ, "ಶಾಲೆ ಮೆಟ್ಟಿಲೇ ಹತ್ತಿಲ್ಲ ಅಂತ ಪ್ರಮಾಣ ಮಾಡಿದ್ದೀರಿ. ಅಕ್ಷರ ಮುತ್ತು ಪೋಣಿಸಿದ ಹಾಗಿದೆಯಲ್ಲಮ್ಮ" ಎಂದರು. ಹೊಗಳಿದ್ದೇ ಇರಬೇಕು. ಮಾರನೆಯ ದಿನದಿಂದ ಸೊಟ್ಟಗೆ ಬರೆಯತೊಡಗಿದೆ. ಶಕಾರಕ್ಕೆ ಹೊಟ್ಟೆ ಊದಿಸಿದೆ, ಲಕಾರವನ್ನು ಸಾಲಿನಿಂದ ಕೆಳಗೆ ಬೀಳಿಸಿದೆ. ಕೂದಲೆಳೆಯಲ್ಲಿ ಪಾಸಾದವಳು ಸರಾಗವಾಗಿ ಓದಬಾರದೆಂದು, ಕಾಗದ ಬಂದರೆ, ಇದರಲ್ಲಿ ಏನಿದೆ ನೋಡಿ ಹೇಳಿ ಎಂದು ಗುಮಾಸ್ತರ ಕೈಗೆ ಕೊಡುತ್ತಿದ್ದೆ. ಅವರು ತಪ್ಪು ಓದಿದರೆ ತಿದ್ದುವ ಹಾಗಿರಲಿಲ್ಲ. ಓದಿದವಳು ಓದದವಳ ವೇಷ ಹಾಕುವುದು ಎಷ್ಟು ಕಷ್ಟವೆಂದು ಕಾನೂನು ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಐದು ವರ್ಷವಾಗಿತ್ತು. ಒಂದು ದಿನ ನಮ್ಮ ಕಚೇರಿಯಿಂದ ಯಶವಂತಪುರದ ಆ ಆಸ್ಪತ್ರೆಗೆ ಒಂದು ಲಕೋಟೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಯಲ್ಲಿ ಟಪಾಲು ಪುಸ್ತಕ. ಎಡಗಡೆ ತಂದವರು ರುಜು ಹಾಕಬೇಕು, ಬಲಗಡೆ ಪಡೆದವರು. ಅಲ್ಲಿಯ ಗುಮಾಸ್ತೆ ಊಟಕ್ಕೆ ಹೋಗಿದ್ದಳು. ಅವಳ ಮೇಜಿನ ಹತ್ತಿರ ಗಂಗಿ ಕೂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಮಕ್ಳು ಓದ್ತಾವ?" ಎಂದಳು.

"ಓದ್ತಾರೆ. ದೊಡ್ಡವನು ಹತ್ತನೆಯದು."

"ಅಷ್ಟು ಸಾಕು ಬುಡು" ಎಂದು ಪುಸ್ತಕ ಎಳೆದುಕೊಂಡು ರುಜು ಹಾಕಿ ನನ್ನ ಕಡೆಗೆ ತಿರುಗಿಸಿದಳು.

ಎಡಗಡೆ ನನ್ನ ಸುಶೀಲ, ಬಾವಿಕಟ್ಟೆಯಿಂದ ಉರುಳಿಬಿದ್ದವರ ಹಾಗೆ ಕೈಕಾಲು ಮುರಿದುಕೊಂಡಿತ್ತು. ಬಲಗಡೆ ಮುನಿಯಮ್ಮ ಎಂದು ದುಂಡಗೆ, ಒಂದೇ ಎತ್ತರಕ್ಕೆ, ಕೊಂಬು ಗುಡಿಸುಗಳೆಲ್ಲ ಒಂದೇ ಕಡೆ ಬಾಗಿ, ನನ್ನ ಹದಿಮೂರನೆಯ ವಯಸ್ಸಿನ ಅಕ್ಷರ. ಪ್ರಮಾಣಪತ್ರದ ಕೆಳಗೆ ಮೇಷ್ಟರು ನನ್ನ ಕೈಯಲ್ಲಿ ಹಾಕಿಸಿದ್ದ ರುಜುವನ್ನು ನೋಡಿ ನೋಡಿ, ಕೆಲಸಕ್ಕೆ ಸೇರುವ ಮೊದಲು ಒಂದು ತಿಂಗಳು ತಿದ್ದಿದಳಂತೆ. "ಸರಿಯಾಗೈತೇನೆ?" ಎಂದು ಕೇಳಿದಳು. ಸರಿಯಾಗಿದೆ ಎಂದೆ.

ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಹೆಸರನ್ನು ನಾನೂ ಬರೆದು ನೋಡಿದೆ. ಸೊಟ್ಟಗೆ ಬಂತು. ನಿಧಾನವಾಗಿ ಬರೆದೆ, ಇನ್ನೂ ಸೊಟ್ಟಗಾಯಿತು. ಕೈಗೆ ಮರೆತುಹೋಗಿತ್ತು. ಮಕ್ಕಳೇ, ಇದನ್ನು ನೀವು ಓದುವಾಗ ಅಜ್ಜಿಯ ಅಕ್ಷರವನ್ನು ನೋಡಿ ಕೋಳಿ ಕೆದರಿದಂತಿದೆ ಎಂದು ನಗುತ್ತೀರಿ, ನಗಿ. ಆದರೆ ಈ ವಿಷಯವನ್ನು ಮಾತ್ರ ಎಲ್ಲೂ ಬಾಯಿ ಬಿಡಬೇಡಿ. ನಾಳೆ ಯಾರಾದರೂ ತನಿಖೆಗೆಂದು ಬಂದು, ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಮುನಿಯಮ್ಮ ಎಂದು ಬರೆಸಿದರೆ, ಸುಳ್ಳು ಮುನಿಯಮ್ಮ ಎಂದು ಅವರು ಹಿಡಿದುಕೊಂಡು ಹೋಗುವುದು ನನ್ನನ್ನೇ.